ಬಣ್ಣ ಬೇಡವೆಂದ ಗಿಳಿಮಾಮ

ದೂರದಿಂದ ನೋಡಿದರೆ ಬೀದಿಯ ತುದಿಯಲ್ಲಿ ಒಂದು ಗಿಳಿಯೇ ಎದ್ದು ನಡೆದು ಬರುತ್ತಿದೆಯೇನೋ ಅನ್ನಿಸುವಂಥ ಹಸಿರು ಕೋಟು, ಅದರೊಳಗೆ ಕಡ್ಡಿಯಂಥ ನನ್ನ ತಮ್ಮ. ಅವನ ಹೆಂಡತಿಗೆ ಈಗೀಗ ನೆರಳು ಬೆಳಕಿನಾಚೆ ಗಾಢವಾದ ಬಣ್ಣವಷ್ಟೇ ಕಾಣುತ್ತದೆ. ಸಂದಣಿಯಲ್ಲಿ ಅವಳ ಕಣ್ಣಿಗೆ ತಾನು ತಪ್ಪಿಹೋಗಬಾರದೆಂದು ಹುಡುಕಿ ಹುಡುಕಿ ತಂದ ಕೋಟು ಅದು. ಬೀದಿಯ ಮಕ್ಕಳು ಗಿಳಿಮಾಮ ಎಂದು ಕೂಗಿದರೆ ತಿರುಗಿ ಕೈಬೀಸುತ್ತಾನೆ. ಇಂಥ ಮನುಷ್ಯ, ಪರದೆಯ ಮೇಲಿನ ಅಕ್ಷರಕ್ಕೆ ಮಾತ್ರ ಒಂದು ತೊಟ್ಟು ಬಣ್ಣ ಸೋಕಲು ಬಿಡುವುದಿಲ್ಲವೆಂದರೆ ಯಾರು ನಂಬುತ್ತಾರೆ?

ನಡಿಗೆಯಲ್ಲೇ ಅವನ ಸ್ವಭಾವವೆಲ್ಲ ಇದೆ. ರಸ್ತೆ ಖಾಲಿಯಿದ್ದರೂ ಗೋಡೆಯಂಚಿಗೇ ಹೋಗುತ್ತಾನೆ, ಇನ್ನೊಬ್ಬರ ದಾರಿಗೆ ಅಡ್ಡ ಬಂದರೆ ಪಾಪ ಸುತ್ತಿಕೊಂಡೀತು ಎಂಬಂತೆ. ಹೊಸದೆಂದು ಏನನ್ನು ತೋರಿಸಿದರೂ, ಅದು ಕುರ್ಚಿಯಾಗಲಿ ಮದುವೆಯ ಸಂಬಂಧವಾಗಲಿ, ಅವನ ಬಾಯಿಂದ ಮೊದಲು ಬೀಳುವ ಮಾತು "ಯಾರಿಗೆ?" ಎಂದು. ಚೆನ್ನಾಗಿದೆಯೋ ಇಲ್ಲವೋ ಎಂಬುದು ಆಮೇಲಿನ ವಿಚಾರ.

ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಕಾಲದಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಅಂತರ್ಜಾಲದ ಪುಟಗಳಿಗೆ ಅವನೊಂದು ಬರವಣಿಗೆಯ ಕಟ್ಟಳೆ ಮಾಡಿದ. ಹೆಸರು ಬರಿಪುಟ. ತಲೆಬರಹಕ್ಕೊಂದು ಗುರುತು, ಪಟ್ಟಿಗೊಂದು, ಬೇರೆ ಪುಟಕ್ಕೆ ಹೋಗುವ ಕೊಂಡಿಗೊಂದು. ಉಳಿದದ್ದೆಲ್ಲ ಬರೀ ಮಾತು, ಸಿಂಗಾರವಿಲ್ಲ, ಚಿತ್ರವಿಲ್ಲ. ಎಷ್ಟೇ ಹಳೆಯ ಯಂತ್ರದಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆಂದು ನಮ್ಮೂರ ದೋಣಿ ಕಚೇರಿ ತನ್ನ ದಿನದ ಸೂಚನೆಗಳನ್ನು ಅದರಲ್ಲೇ ಹಾಕುತ್ತಿತ್ತು. ಗೆಳೆಯರೆಲ್ಲ ಒಬ್ಬೊಬ್ಬರಾಗಿ ಕೈಬಿಟ್ಟ ಮೇಲೆ ಬರಿಪುಟಕ್ಕೆ ಉಳಿದಿದ್ದ ಆಸರೆ ಆ ಕಚೇರಿಯೊಂದೇ. ಅದೂ ಹೋದರೆ ಅಷ್ಟು ವರ್ಷ ಸಾಕಿದ ಕೂಸು ಬೀದಿಪಾಲು. ಅಲ್ಲಿ ಸೂಚನೆ ಬರೆಯುವವಳು ನನ್ನ ಮಗಳು.

ಒಂದು ಸಲ ದೋಣಿ ರದ್ದಾದದ್ದನ್ನು ಪುಟದ ಕೊನೆಯಲ್ಲಿ ಬರೆದಿದ್ದರು. ಅದನ್ನು ಗಮನಿಸದ ಮುದುಕರೊಬ್ಬರು ಪೆಟ್ಟಿಗೆ ಸಮೇತ ಕಟ್ಟೆಯ ಮೇಲೆ ಗಾಳಿಗೆ ಕೂತು ಕೂತು, ಕಡೆಗೆ ಕಚೇರಿಗೆ ನುಗ್ಗಿ ಮೂರು ತಲೆಮಾರಿಗಾಗುವಷ್ಟು ಬೈದು ಹೋದರು. ಮಗಳು ಸೀದಾ ಸೋದರಮಾವನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ರದ್ದಾದ ದೋಣಿಯ ಸಾಲು ಕೆಂಪಗೆ ಕಾಣಬೇಕೆಂಬುದು ಅವಳ ಹಟ. ಪರದೆಗೆ ಮಾತ್ರ ಅರ್ಥವಾಗುವ, ಅಂಕಿಗಳ ಗುಟ್ಟಿನ ಸಂಕೇತಗಳಿವೆಯಂತೆ: ಇಲ್ಲಿಂದ ಕೆಂಪು ಎಂದು ಒಂದು, ಇಲ್ಲಿಗೆ ಸಾಕು ಎಂದು ಇನ್ನೊಂದು. ಸಾಲಿನೊಳಗೆ ಸೇರಿಸಿದರೆ ಅವು ಕಾಣುವುದಿಲ್ಲ, ಬಣ್ಣ ಕಾಣುತ್ತದೆ.

"ಒಪ್ಕೊ ಮಾಮ. ಇಲ್ಲಾಂದ್ರೆ ನಮ್ಮ ಆಫೀಸು ಬರಿಪುಟಾನ ಬಿಟ್ಟೇಬಿಡುತ್ತೆ. ನಾನು ಎಷ್ಟೂಂತ ತಡೆದು ನಿಲ್ಲಿಸಲಿ?"

"ಬಣ್ಣ ಯಾರಿಗೆ?"

"ಓದೋರಿಗೆ, ಇನ್ಯಾರಿಗೆ? ಗಿಳಿ ಹಾಗೆ ಮೆರೆಯೋನು ಕೇಳೋ ಮಾತಾ ಇದು?"

"ನನ್ನ ಕೋಟು ನನ್ನ ಮೈಮೇಲಿದೆ ಕಣೇ, ಊರಿಗೆಲ್ಲ ತೊಡಿಸಿಲ್ಲ. ಬೇಕಾದೋರು ಅವರವರ ಪರದೆಗೆ ಹಚ್ಕೊಳ್ಲಿ. ಪಕ್ಕದ ಮನೆ ಗೋಡೆಗೆ ಬಣ್ಣ ಬಳಿಯೋಕೆ ನಾವ್ಯಾರು?"

"ಬೈಸಿಕೊಂಡಿದ್ದು ನಾನು. ಪಕ್ಕದ ಮನೆ ಗೋಡೆ ಅಲ್ಲ."

ತಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅವಳು ಅಂದಿನ ಸೂಚನೆಗೇ ಬಣ್ಣ ಹಾಕಿ, ಆ ಮನೆಯ ಯಂತ್ರಗಳಿಗಷ್ಟೇ ಕಾಣುವಂತೆ ಏರಿಸಿದಳು. ಸಂಜೆಯ ದೋಣಿಯ ಸಾಲು ಕೆಂಡದಂತೆ ಹೊಳೆಯಿತು. ತಮ್ಮ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದ. "ಚೆನ್ನಾಗೇ ಇದೆ," ಎಂದ. ಸುಳ್ಳು ಹೇಳುವ ಜಾಯಮಾನ ಅವನದಲ್ಲ. ಆದರೆ ಹುಡುಗಿ ಇಲ್ಲಿಗೆ ಸಾಕು ಎನ್ನುವ ಸಂಕೇತವನ್ನು ಹಾಕಲು ಮರೆತಿದ್ದಳು. ಕೆಂಪು ನಿಲ್ಲಲೇ ಇಲ್ಲ. ಕೆಳಗಿನ ಸಾಲುಗಳು ಕೆಂಪು, ಮೂಲೆಯ ಗಡಿಯಾರ ಕೆಂಪು, ಕೊನೆಗೆ ಅವನು ಟೈಪು ಮಾಡಿದ "ಬೇಡ" ಎಂಬುದೂ ಕೆಂಪು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಷ್ಟರಲ್ಲಿ ಒಳಕೋಣೆಯಿಂದ ತಮ್ಮನ ಹೆಂಡತಿ ಕೈಚೀಲ, ಕೊಡೆ ಹಿಡಿದು ಹೊರಟು ಬಂದಳು. ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ಅವಳದು.

"ಸಂಜೆ ದೋಣಿ ಇದೆಯಲ್ಲ, ತಂಗಿ ಮನೆಗೆ ಹೋಗಿಬರ್ತೀನಿ. ಅದೇನು ಇವತ್ತು ದೋಣಿ ಹೆಸರಿಗೆ ಮುಂಚೆ ಏನೇನೋ ಅಂಕಿ ಒದರ್ತಿದೆ ನಿಮ್ಮ ಯಂತ್ರ?"

ನಗುತ್ತಿದ್ದ ಮಗಳ ಮುಖ ಸಣ್ಣಗಾಯಿತು. "ಅತ್ತೆ, ಆ ದೋಣಿ ಇಲ್ಲ. ರದ್ದಾಗಿದೆ."

"ಇಲ್ಲ ಅಂತ ಎಲ್ಲಿ ಹೇಳ್ತು?"

"ಕೆಂಪು ಮಾಡಿದ್ನಲ್ಲ ಅಂತ... ಬಿಡಿಸಿ ಬರೀಲಿಲ್ಲ."

"ಕೆಂಪು ಕಿವಿಗೆ ಕೇಳಿಸಲ್ಲ ಮಗಳೇ," ಎಂದು ಅವಳು ಕೊಡೆಯನ್ನು ಮೂಲೆಗಿಟ್ಟು, ಸದ್ಯ ಕಟ್ಟೆಯ ಮೇಲೆ ಗಾಳಿಗೆ ಕೂರುವುದು ತಪ್ಪಿತೆಂದು ನಕ್ಕುಬಿಟ್ಟಳು.

ಗೆದ್ದೆನೆಂದು ತಮ್ಮ ಮೀಸೆ ತಿರುವುತ್ತಾನೆ ಎಂದುಕೊಂಡಿದ್ದೆ. ಅವನು ಇನ್ನೊಂದು ಕುರ್ಚಿ ಎಳೆದುಕೊಂಡು ಸೋದರಸೊಸೆಯ ಪಕ್ಕ ಕೂತ. "ತಪ್ಪು ನಂದೂ ಇದೆ. ಮುಖ್ಯವಾದ ಸಾಲು ತಳದಲ್ಲಿ ಬಿದ್ದಿದ್ರೆ ಯಾರಿಗೆ ಕಾಣುತ್ತೆ ಅಂತ ನಾನೇ ಒಂದಿನಾನೂ ಕೇಳ್ಲಿಲ್ಲ ನೋಡು."

ಆಮೇಲೆ ಇಬ್ಬರದೂ ಕೋಳಿಜಗಳ. ನಾನು ಚಹಾ ಇಟ್ಟೆ, ಅದು ಆರಿತು, ಮತ್ತೆ ಇಟ್ಟೆ. ಕಡೆಗೆ ಆದ ತೀರ್ಮಾನ ಇಷ್ಟು: ರದ್ದಾದ ದೋಣಿ ಪುಟದ ತಲೆಯಲ್ಲೇ ಬರಬೇಕು, ಸಾಲಿನ ಮೊದಲ ಮಾತೇ "ರದ್ದು" ಎಂದಿರಬೇಕು. ಪುಟದೊಳಗೆ ಬಣ್ಣದ ಸಂಕೇತ ಕೂಡದು. ಆದರೆ ಓದುವ ಸಾಧನವನ್ನೇ ಅವನು ತಿದ್ದಿಕೊಟ್ಟ. ಬೇಕೆಂದವರ ಪರದೆಯಲ್ಲಿ ಆ ಸಾಲು ತಾನೇ ಕೆಂಪಗೆ ಕಾಣುತ್ತದೆ, ಅವನ ಹೆಂಡತಿಯ ಯಂತ್ರದಲ್ಲಿ ಆ ಸಾಲಿಗೆ ಮುಂಚೆ ಗಂಟೆಯ ಸದ್ದಾಗುತ್ತದೆ. ಕಚೇರಿಯ ಮೇಲಧಿಕಾರಿ ತನ್ನ ಪರದೆಯಲ್ಲಿ ಕೆಂಪು ಕಂಡು, ಬರಿಪುಟವೇ ಇರಲಿ ಎಂದನಂತೆ.

ಮೊನ್ನೆ ತಮ್ಮ, ತಲೆಬರಹದ ಪಕ್ಕ ಪುಟ್ಟದೊಂದು ದೋಣಿಯ ಗುರುತು ಹಾಕೋಣವೇ ಎಂದು ತಾನೇ ಮಾತೆತ್ತಿದ.

"ಯಾರಿಗೆ ಮಾಮ?" ಎಂದಳು ಮಗಳು, ತಲೆಯನ್ನೂ ಎತ್ತದೆ. ಅವನು ಕೋಟಿನ ಗುಂಡಿ ಹಾಕಿಕೊಂಡು ತೆಪ್ಪಗೆ ಎದ್ದುಹೋದ.

ಲೋಕದಲ್ಲಿ ಬೇಡ ಎನ್ನುವವರದೊಂದು ಕುಲವೇ ಇದೆ. ತಮಗೆ ಸೇರದ್ದನ್ನೆಲ್ಲ ಬೇಡ ಎನ್ನುವವರ ಗೊಡವೆ ನಮಗೆ ಬೇಡ. ಇನ್ನು ಕೆಲವರಿದ್ದಾರೆ, ಅವರ ಒಂದೊಂದು 'ಬೇಡ'ದ ಹಿಂದೆಯೂ ಒಳಕೋಣೆಯಲ್ಲಿ ಯಾರೋ ಒಬ್ಬರು ಕಿವಿಗೊಟ್ಟು ಕೂತಿರುತ್ತಾರೆ. ಅವರನ್ನು ಬಣ್ಣ ಕಂಡರಾಗದವರು ಎನ್ನಬಾರದು. ಇರುವ ಬಣ್ಣವನ್ನೆಲ್ಲ ತಮ್ಮ ಮೈಮೇಲೇ ಹೊತ್ತುಕೊಂಡು, ಕಾಣಲೇಬೇಕಾದ ಒಬ್ಬರಿಗೆ ಕಾಣುವಂತೆ, ಗೋಡೆಯಂಚಿಗೇ ನಡೆದು ಬರುವವರು ಅವರು.