ಕರೆಯದೆ ಬರುವವರ ಹಬ್ಬ

ರಿಸ್ತೊನ ಮನೆದೇವರು ಸಂತ ನಿಕೋಲ. ಡಿಸೆಂಬರಿನ ಆ ಹಬ್ಬಕ್ಕೆ ಕಡಲ ಕೊಲ್ಲಿಯ ದಡದ ಕೊಟೋರಿನ ಕಡೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬರಬೇಕಾದವರು ತಾವಾಗಿ ಬರುತ್ತಾರೆ. ಉಪವಾಸದ ದಿನಗಳಾದ್ದರಿಂದ ಮಾಂಸ, ಹಾಲು ಇಲ್ಲ, ಮೀನಿಗೆ ಅಡ್ಡಿಯಿಲ್ಲ. ರಿಸ್ತೊ ಕೊಲ್ಲಿಯಲ್ಲಿ ತೇಲುವ ಪೀಪಾಯಿಗಳಿಂದ ಹಗ್ಗ ಇಳಿಬಿಟ್ಟು ಚಿಪ್ಪುಮೀನು ಸಾಕುವವನು. ಅವನ ಹೆಂಡತಿ ದರಿಂಕ ಅವನ್ನು ಬೆಳ್ಳುಳ್ಳಿ, ವೈನು ಹಾಕಿ ಕುದಿಸಿದರೆ ವಾಸನೆಗೇ ಅರ್ಧ ಊರು ಒಳಗೆ ಬರುತ್ತಿತ್ತು.

ದರಿಂಕ ತೀರಿಕೊಂಡು ಎರಡು ವರ್ಷವಾಗಿತ್ತು. ಮೂತ್ರಪಿಂಡ ಕೈಕೊಟ್ಟಿತ್ತು.

ಈ ಸಲ ಚಳಿಗಾಲಕ್ಕೆ ಮುಂಚೆ ತಪಾಸಣೆಯವರು ಬಂದು ಚಿಪ್ಪುಮೀನು ಪರೀಕ್ಷೆಗೆ ಒಯ್ದರು. ಕ್ಯಾಡ್ಮಿಯಂ ಎಂಬ ವಿಷಲೋಹ ಮಿತಿ ಮೀರಿದೆ, ಯಾವ ಕಾಲದ್ದೋ ಕೊಳೆ ತಳದ ಕೆಸರಲ್ಲಿ ಕೂತಿದೆ, ಇನ್ನು ಮಾರುವಂತಿಲ್ಲ ಎಂದರು.

"ತಿಂದ್ರೆ ಏನಾಗುತ್ತೆ?" ಎಂದು ರಿಸ್ತೊ ಕೇಳಿದ.

"ಒಂದು ದಿನ ತಿಂದ್ರೆ ಏನೂ ಆಗಲ್ಲ. ವರ್ಷಗಟ್ಟಲೆ ತಿಂದ್ರೆ ಕಿಡ್ನಿಗೆ ಒಳ್ಳೇದಲ್ಲ," ಎಂದಳು ಅಧಿಕಾರಿ.

ಸಂಜೆಯ ಹೊತ್ತಿಗೆ ಸುದ್ದಿ ಊರಿಗೆಲ್ಲ ಹಬ್ಬಿತ್ತು.

ಹಬ್ಬಕ್ಕೆ ಅವನು ಪೇಟೆಯಿಂದ ಕಾಡ್ ಎಂಬ ದೂರದ ಕಡಲಿನ ಒಣಮೀನು ತಂದು, ನೆನೆಹಾಕಿ, ಆಲೂಗಡ್ಡೆಯ ಜೊತೆ ಬೇಯಿಸಿದ. ಮೇಣದ ಬತ್ತಿ ಹಚ್ಚಿ, ಉದ್ದ ಮೇಜಿನ ತುಂಬ ತಟ್ಟೆ ಇಟ್ಟ. ಬೆಳಿಗ್ಗೆ ಪಾದ್ರಿಗಳು ಬಂದು ರೊಟ್ಟಿ ಹರಸಿ, ಒಂದು ಗುಟುಕು ವೈನು ಕುಡಿದು, ಇನ್ನೂ ಮನೆಗಳಿವೆ ಎಂದು ಹೊರಟರು. ಪಕ್ಕದ ಮನೆಯ ತ್ರಿಪೊ ಗೇಟಿನಲ್ಲೇ ನಿಂತು, "ಬೇಡ ಮಾರಾಯ, ಇವತ್ತು ಹೊಟ್ಟೆ ಸರಿಯಿಲ್ಲ," ಎಂದ. ಮಧ್ಯಾಹ್ನ ಆಚೆ ದಡದಿಂದ ತಂಗಿ ಯೋಕ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ, ಬೇಯಿಸಿದ ಬೀನ್ಸ್ ಕಾಳಿನ ಪಾತ್ರೆ.

"ಇದೇನೇ? ಹಬ್ಬದ ಮನೆಗೆ ಬುತ್ತಿ ಕಟ್ಕೊಂಡು ಬಂದಿದೀಯ?"

"ಮೊಮ್ಮಕ್ಕಳಿಗೆ ಮಾಡಿದ್ದೆ, ಉಳೀತು. ಬೇಜಾರು ಮಾಡ್ಕೋಬೇಡಣ್ಣ."

"ಈ ಮೀನು ನಾರ್ವೆದು ಕಣೇ. ನಮ್ಮ ನೀರನ್ನ ಕಣ್ಣಲ್ಲೂ ಕಂಡಿಲ್ಲ."

ಯೋಕ ನಕ್ಕಳು. ಆದರೆ ಕೈ ತನ್ನ ಪಾತ್ರೆಗೇ ಹೋಯಿತು.

ರಿಸ್ತೊ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. "ಯೋಕ, ದರಿಂಕಳಿಗೆ ಆ ಚಿಪ್ಪುಮೀನೆಲ್ಲ ತಂದು ತಂದು ತಿನ್ನಿಸಿದ್ದು ನಾನೇ ಅಲ್ವಾ?"

"ನೀನೂ ತಿಂದಿದೀಯಲ್ಲ."

"ನಾನು ಬದುಕಿದೀನಲ್ಲ."

"ಡಾಕ್ಟರನ್ನ ಕೇಳಿದ್ಯಾ?"

"ಕೇಳ್ದೆ. ಅದರಿಂದ್ಲೇ ಇರಬಹುದು, ಇಲ್ಲದೇನೂ ಇರಬಹುದು ಅಂದ್ರು. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ, ಹೇಳು?"

ಯೋಕ ತನ್ನ ಪಾತ್ರೆಯ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟಳು. ಮೀನು ಬಡಿಸಿಕೊಂಡು ತಿಂದಳು, ಮತ್ತೆ ಹಾಕಿಸಿಕೊಂಡಳು. "ಉಪ್ಪು ಜಾಸ್ತಿ," ಎಂದಳು. ಕಣ್ಣು ಒರೆಸಿಕೊಂಡಳು. ಕೊನೆಯ ಬಸ್ಸಿಗೆ ಹೊರಟಾಗ ಅಣ್ಣನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು.

ಚಳಿ ಕಡಿಮೆಯಾಗುವಾಗ ರಿಸ್ತೊ ಹಗ್ಗಗಳನ್ನೆಲ್ಲ ಒಬ್ಬನೇ ಎಳೆದು, ಚಿಪ್ಪುಮೀನನ್ನು ತಪಾಸಣೆಯವರ ಲಾರಿಗೆ ತುಂಬಿಸಿದ. ದಡದಲ್ಲಿ ನಿಂತವರು ನೋಡಿದರು. "ಕೊಲ್ಲಿಯ ಹೊರಗಡೆ ನೀರು ಚೆನ್ನಾಗಿದೆಯಂತೆ, ಅಲ್ಲಿ ಹಗ್ಗ ಹಾಕು," ಎಂದ ತ್ರಿಪೊ. "ನೋಡೋಣ," ಎಂದ ರಿಸ್ತೊ.

ಇನ್ನೂ ಹಾಕಿಲ್ಲ. ಬೆಳಗಾದರೆ ದೋಣಿ ತಳ್ಳಿಕೊಂಡು ಹೋಗಿ, ತೇಲುವ ಖಾಲಿ ಪೀಪಾಯಿಗಳ ನಡುವೆ ಕೂತು ಬರುತ್ತಾನೆ. ಅಲ್ಲೇನಿದೆ, ಯಾಕೆ ಹೋಗ್ತೀಯ ಎಂದು ಬೈಯುವವರು ಮನೆಯಲ್ಲಿ ಯಾರೂ ಇಲ್ಲ.