ಉಸಿರು ಬಿಡದ ಮಾವ

ನನ್ನ ಹೆಂಡತಿಯ ತಮ್ಮನ ಮಗಳು ಪೇಟೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದಳು. ಆರು ವರ್ಷ ತೆಗೆದದ್ದೆಲ್ಲ ಪಾಸ್‌ಪೋರ್ಟ್ ಸೈಜಿನ ಮುಖಗಳೇ. ಕಿವಿ ಎರಡೂ ಕಾಣಬೇಕು, ನಗಬಾರದು. ಆ ಚಳಿಗಾಲ ಒಂದು ಪತ್ರಿಕೆಯವರು ‘ಹೊಲದ ಚಳಿ, ಹೊಲದ ಮನುಷ್ಯ’ ಎಂಬ ಚಿತ್ರ ಕೇಳಿದ್ದರು. ಆಯ್ಕೆಯಾದವರಿಗೆ ಅಲ್ಲೇ ಕೆಲಸ. ಚಿತ್ರ ಕಳಿಸುವ ಕೊನೆಯ ದಿನದ ಹಿಂದಿನ ರಾತ್ರಿ ಬಸ್ಸಿಳಿದು ಬಂದವಳು, ನಿಮ್ಮಷ್ಟು ತಾಳ್ಮೆಯವರು ಬೇರೆ ಸಿಗಲ್ಲ ಮಾವ ಎಂದಳು. ಒಳಗಿನಿಂದ ನನ್ನವಳು, ಅದು ತಾಳ್ಮೆಯಲ್ಲ, ಸೋಮಾರಿತನ ಎಂದು ತಿದ್ದಿದಳು.

ಬೆಳಿಗ್ಗೆ ನನ್ನನ್ನು ಹಿತ್ತಲಾಚೆಯ ಹೊಲದಲ್ಲಿ ನಿಲ್ಲಿಸಿ, ಕರೆಯುವವರೆಗೆ ಅಲ್ಲಾಡಬೇಡಿ ಎಂದು ಹೇಳಿ ದೂರದ ಬದುವಿಗೆ ಹೋದಳು. ಅಷ್ಟರಲ್ಲಿ ಮಂಜು ಅವಳನ್ನೂ ನನ್ನನ್ನೂ ನುಂಗಿತು. ನನ್ನಿಂದ ಹತ್ತು ಹೆಜ್ಜೆಗೆ ಬೆದರುಬೊಂಬೆ. ನಾನು ಇಪ್ಪತ್ತು ವರ್ಷ ಹಾಕಿದ್ದ ಉಣ್ಣೆ ಕೋಟನ್ನೂ ಟೋಪಿಯನ್ನೂ ನನ್ನವಳು ಅದಕ್ಕೆ ತೊಡಿಸಿಬಿಟ್ಟಿದ್ದಳು. ಅದು ಬೆಚ್ಚಗಿತ್ತು, ನಾನು ನಡುಗುತ್ತಿದ್ದೆ.

ಬಹಳ ಹೊತ್ತು ನಿಂತೆ. ಅವಳು ಕರೆಯಲಿಲ್ಲ. ಕಾಲು ಜೋಮು ಹಿಡಿದ ಮೇಲೆ, ಕೆಲಸ ಮುಗಿದಿರಬೇಕೆಂದು ಮನೆಗೆ ಬಂದು ಒಲೆ ಮುಂದೆ ಕೂತೆ. ಕಾಫಿಯ ಮೊದಲ ಗುಟುಕು ಇಳಿಯುವಷ್ಟರಲ್ಲಿ ಹೊಲದ ಕಡೆಯಿಂದ ದನಿ ಕೇಳಿಸಿತು.

“ಹಾಗೇ ಇರಿ ಮಾವ. ತುಂಬಾ ಚೆನ್ನಾಗಿ ನಿಂತಿದ್ದೀರಿ.”

ನಾನೂ ನನ್ನವಳೂ ಮುಖ ಮುಖ ನೋಡಿಕೊಂಡೆವು. ಹೆಗಲ ಮೇಲೆ ಗುಬ್ಬಚ್ಚಿ ಕೂತಿದೆ, ಮಿಸುಕಬೇಡಿ ಎಂದು ಮತ್ತೆ ದನಿ ಬಂತು. ಎದ್ದು ಹೋಗಿ ಹೇಳೋಣವೆಂದರೆ ಹುಡುಗಿಯ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ. ಕಾಫಿಯೂ ಬಿಸಿಯಿತ್ತು.

ಸ್ವಲ್ಪ ಹೊತ್ತಿಗೆ ಮೂಗು ಕೆಂಪಗೆ ಮಾಡಿಕೊಂಡು ಬಂದಳು. ಕಣ್ಣೆಲ್ಲ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ. ಎಲ್ಲ ಸರಿಯಾಗಿದೆ ಅತ್ತೆ, ಈ ಚಳಿಯಲ್ಲಿ ಮಾವನ ಬಾಯಿಂದ ಹಬೆ ಮಾತ್ರ ಯಾಕೆ ಬಂದಿಲ್ಲ ಎನ್ನುತ್ತಾ ತಲೆಯೆತ್ತಿದಳು. ನನ್ನ ಕೈಯಲ್ಲಿ ಕಾಫಿ ಲೋಟ. ಮುಕ್ಕಾಲು ಖಾಲಿ.

“ನೀವು ಯಾವಾಗ ಬಂದ್ರಿ ಮಾವ?”

“ಆಗಲೇ ಬಂದೆ ಕಣಮ್ಮ.”

“ಮತ್ತೆ ಅಲ್ಲಿರೋದು ಯಾರು?”

“ಇವರಿಗಿಂತ ಹೇಳಿದ ಮಾತು ಕೇಳೋನು,” ಎಂದಳು ನನ್ನವಳು.

ಹುಡುಗಿ ನಗಲಿಲ್ಲ, ಕಣ್ಣು ತುಂಬಿಕೊಂಡಳು. ಬೊಂಬೆಯ ಫೋಟೋ ನೋಡಿ ಯಾರು ಕೆಲಸ ಕೊಡುತ್ತಾರೆ? ಮಂಜು ಆಗಲೇ ಕರಗುತ್ತಿತ್ತು. ನಾನು ಲೋಟ ಕೆಳಗಿಟ್ಟು, ಕ್ಯಾಮೆರಾ ತಗೊಂಡು ಬಾ ಎಂದು ಅವಳನ್ನು ಕರೆದು ಹೊಲಕ್ಕೆ ನಡೆದೆ. ಬೊಂಬೆಯ ಕೋಟು ಬಿಚ್ಚಿ ತೊಟ್ಟು, ಬೊಂಬೆಯನ್ನು ಕಿತ್ತು ಮಲಗಿಸಿ ಅದರ ಜಾಗದಲ್ಲೇ ನಿಂತೆ. ಜೇಬಿಗೆ ಕೈ ಹಾಕಿದಾಗ ಗುಟ್ಟು ಗೊತ್ತಾಯಿತು. ಹಿಂದಿನ ವರ್ಷ ಬಿತ್ತಿ ಉಳಿದ ಕಾಳು ಹಿಡಿಯಷ್ಟು ಹಾಗೇ ಇತ್ತು. ಹಕ್ಕಿ ಓಡಿಸಲು ನಿಲ್ಲಿಸಿದ ಬೊಂಬೆ ಹಕ್ಕಿಗೆ ಊಟ ಹಾಕುತ್ತಿತ್ತು. ಇದನ್ನು ನನ್ನವಳಿಗೆ ಇನ್ನೂ ಹೇಳಿಲ್ಲ.

ನಾಲ್ಕು ಕಾಳು ಹೆಗಲ ಮೇಲಿಟ್ಟುಕೊಂಡೆ. ಗುಬ್ಬಚ್ಚಿ ಬಂದು ಕೂತು, ನನ್ನ ಮುಖವನ್ನು ಗುಮಾನಿಯಿಂದ ನೋಡಿತು. ಮೂಗು ತುರಿಸುತ್ತಿತ್ತು. ಉಸಿರು ಬಿಗಿಹಿಡಿದೆ.

“ಉಸಿರು ಬಿಡಿ ಮಾವ. ಇಲ್ಲಾಂದ್ರೆ ಮತ್ತೆ ಬೊಂಬೆ ಅಂದ್ಕೋತಾರೆ.”

ಬಿಟ್ಟೆ. ಹಬೆ ಎದ್ದಿತು, ಗುಬ್ಬಚ್ಚಿ ರೆಕ್ಕೆ ಬಿಚ್ಚಿತು, ಕ್ಯಾಮೆರಾ ಕ್ಲಿಕ್ ಎಂದಿತು.

ಈಗ ಅವಳು ಪಾಸ್‌ಪೋರ್ಟ್ ಮುಖಗಳನ್ನು ತೆಗೆಯುವುದಿಲ್ಲ. ಆ ಚಿತ್ರ ನಮ್ಮ ಅಡುಗೆಮನೆ ಗೋಡೆಯ ಮೇಲಿದೆ, ಕೋಟು ನನ್ನ ಮೈಮೇಲಿದೆ. ಸುಮ್ಮನೆ ನಿಂತು ಹೆಸರು ಮಾಡಿದ ಗಂಡಸು ಇವರೊಬ್ಬರೇ ಎಂದು ನನ್ನವಳು ಬಂದವರಿಗೆಲ್ಲ ಹೇಳುತ್ತಾಳೆ. ಬೊಂಬೆಗೆ ಈಗ ಅವಳ ಹಳೆಯ ಸ್ವೆಟರು. ಅದಕ್ಕೆ ಜೇಬಿಲ್ಲ. ಹಕ್ಕಿಗಳು ಹತ್ತಿರ ಸುಳಿಯುತ್ತಿಲ್ಲ. ಅದು ತನ್ನ ಕೈಗುಣ ಎನ್ನುತ್ತಾಳೆ. ನಾನು ಹೌದೆಂದು ತಲೆಯಾಡಿಸುತ್ತೇನೆ.