ಸೂಲಗಿತ್ತಿ ಜೊತೆಗಿದ್ದರೆ ಮಾತ್ರ

ಎರಡನೆಯ ಹೆರಿಗೆ ಮನೆಯಲ್ಲೇ ಆಗಬೇಕೆಂದು ಆಕೆ ಪಟ್ಟು ಹಿಡಿದಿದ್ದಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವಳಿಗೆ ಮೊದಲ ಸಲದ ನೆನಪು ಇನ್ನೂ ಹಸಿಯಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಅತ್ತೆಯನ್ನು ಬಾಗಿಲಾಚೆ ನಿಲ್ಲಿಸಿದ್ದರು. ಆರು ಗಂಟೆ ಒಬ್ಬಳೇ ನರಳಿದ್ದಳು. ನೋವು ತಾಳದೆ ಕೂಗಿದಾಗ, "ಬಾಯ್ಮುಚ್ಕೊಂಡು ಮಲಗು" ಎಂದು ಗದರಿದ್ದರು.

ಹಾಗಾಗಿ ಈ ಸಲ ನೆಚ್ಚಿಕೊಂಡದ್ದು ಎದುರುಮನೆಯ ಸೂಲಗಿತ್ತಿ ಅಜ್ಜಿಯನ್ನು. ಬೀದಿಯ ಅರ್ಧ ಜನ ಹುಟ್ಟಿದ್ದೇ ಆ ಅಜ್ಜಿಯ ಕೈಯಲ್ಲಿ. ಇವಳ ಗಂಡ ಕೂಡ.

ಎಂಟನೆಯ ತಿಂಗಳಲ್ಲಿ ಅಜ್ಜಿ ಅಂಗಡಿಗೆ ಬಂದು, ಬಾಗಿಲು ಮುಂದೆ ಮಾಡಿ, ಹೊಟ್ಟೆ ಮುಟ್ಟಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತರಿಸಿಟ್ಟ ಬಟ್ಟೆ ಸರಿಸಿ ಬೆಂಚಿನ ಮೇಲೆ ಕೂತಳು.

"ನನ್ನ ಕೈಲಿ ಆಗಲ್ಲ ಮಗಳೇ."

"ಯಾಕಜ್ಜಿ, ಮಗೂಗೆ ಏನಾದ್ರೂ ತೊಂದ್ರೆನಾ?"

"ತೊಂದ್ರೆ ನನ್ನ ಬೆರಳಲ್ಲಿದೆ. ತಲೆ ಯಾವ್ದು, ಕುಂಡಿ ಯಾವ್ದು ಅಂತ ತಿಳೀತಿಲ್ಲ. ಎರಡು ವರ್ಷದಿಂದ ಹೀಗೇ. ಯಾರಿಗೂ ಹೇಳಿಲ್ಲ."

"ಆ ಆಸ್ಪತ್ರೆಗಂತೂ ನಾನು ಹೋಗಲ್ಲ."

"ನೀರಿನ ಟ್ಯಾಂಕ್ ಹತ್ರ ಸಣ್ಣದೊಂದಿದ್ಯಲ್ಲ, ಅಲ್ಲಿಗೆ ಹೋಗೋಣ. ನಾನೂ ಬರ್ತೀನಿ."

"ನಿಮ್ಮನ್ನ ಒಳಗೆ ಬಿಡ್ತಾರಾ?"

"ಕೇಳಿದ್ರೆ ತಾನೇ ಗೊತ್ತಾಗೋದು."

ಮರುದಿನ ಇಬ್ಬರೂ ಹೋದರು. ಹೆರಿಗೆ ಕೋಣೆಗೆ ಹೊರಗಿನವರು ಬರುವಂತಿಲ್ಲ ಎಂದಳು ನರ್ಸ್. ಅಜ್ಜಿ ಜಗಳಕ್ಕಿಳಿಯಲಿಲ್ಲ.

"ನಾನೇನೂ ಮುಟ್ಟಲ್ಲ ತಾಯಿ, ತಲೆ ಹತ್ರ ನಿಂತಿರ್ತೀನಿ. ಬಿಡಲ್ಲ ಅಂದ್ರೆ ಇವಳು ಮನೇಲೇ ಹೆರ್ತಾಳೆ. ಹೆಚ್ಚುಕಮ್ಮಿ ಆದ್ರೆ ನೀವೂ ನಾನೂ ಸೇರಿ ಬಾಯಿ ಬಡ್ಕೋಬೇಕು."

ನರ್ಸ್ ಡಾಕ್ಟರಮ್ಮನ ಕೋಣೆಗೆ ಹೋಗಿ ಬಂದಳು. "ಕೈ ತೊಳ್ಕೊಂಡು ಬನ್ನಿ. ಅಡ್ಡ ಮಾತ್ರ ಬರ್ಬೇಡಿ."

ನೋವು ಶುರುವಾದದ್ದು ಒಂದು ಮಧ್ಯಾಹ್ನ. ಅಜ್ಜಿ ತಲೆದೆಸೆಯಲ್ಲಿ ನಿಂತು ಹಣೆ ಒರೆಸುತ್ತ, "ಕೂಗು, ಎಷ್ಟು ಬೇಕೋ ಅಷ್ಟು ಕೂಗು" ಎಂದಳು. ಯಾರೂ ಗದರಲಿಲ್ಲ. ಬಿಸಿಲು ಇಳಿಯುವ ಮೊದಲೇ ಹೆಣ್ಣುಮಗು ಹುಟ್ಟಿತು.

ಆದರೆ ರಕ್ತ ನಿಲ್ಲಲಿಲ್ಲ. ಇಂಥದ್ದನ್ನು ಅಜ್ಜಿ ಎರಡು ಸಲ ಕಂಡಿದ್ದಳು. ಎರಡು ಸಲವೂ ತಾಯಿ ಉಳಿದಿರಲಿಲ್ಲ. ನರ್ಸ್ ಇಂಜೆಕ್ಷನ್ ಚುಚ್ಚಿದಳು. ಡಾಕ್ಟರಮ್ಮ ಓಡಿ ಬಂದು ಹೊಟ್ಟೆಯನ್ನು ಒತ್ತಿ ಒತ್ತಿ ತಿಕ್ಕಿದರು. ಕಾಲುಗಂಟೆಯಲ್ಲಿ ರಕ್ತ ಹತೋಟಿಗೆ ಬಂತು.

"ಇನ್ನು ಭಯ ಇಲ್ವಾ?" ಎಂದು ಕೇಳಿದಳು ಅಜ್ಜಿ.

"ಇಲ್ಲ ಅಜ್ಜಿ," ಎಂದರು ಡಾಕ್ಟರಮ್ಮ.

ಅಜ್ಜಿ ಸ್ಟೂಲಿನ ಮೇಲೆ ಕುಸಿದು ಕೂತು, ಉಳಿಯದೆ ಹೋದ ಆ ಇಬ್ಬರನ್ನು ನೆನೆದು ಅತ್ತಳು. ಹಾಸಿಗೆಯಿಂದಲೇ ಬಾಣಂತಿ ಕೈ ಚಾಚಿ ಅವಳ ಸೆರಗು ಹಿಡಿದಳು.

ಮೂರನೆಯ ದಿನ ಮನೆಗೆ ಹೊರಟಾಗ ನರ್ಸ್ ಅಜ್ಜಿಯನ್ನು ತಡೆದಳು.

"ಮುಂದಿನ ವಾರ ಒಬ್ಬಳಿಗೆ ದಿನ ತುಂಬುತ್ತೆ. ತುಂಬಾ ಹೆದರಿದ್ದಾಳೆ. ಬಂದು ನಿಂತ್ಕೋತೀರಾ?"

"ಬರ್ತೀನಿ," ಎಂದಳು ಅಜ್ಜಿ. "ಸ್ವಲ್ಪ ಬೇಗ ಹೇಳ್ಕಳ್ಸಿ. ನನ್ನ ನಡಿಗೆ ನಿಧಾನ."